ಎಂಬತ್ತರಲ್ಲಿ ಕೂತವರು

ಬಸ್ಸು ಹಿಂದಕ್ಕೆ ಸರಿಯುವಾಗ ಕಂಡಕ್ಟರ್ ಊದುವ ಸೀಟಿ ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಸುಕಿನಿಂದಲೇ ಕೇಳುತ್ತದೆ. ಸತ್ಯಪ್ಪ ಕಾಕಾ ಇರುವುದು ಅಲ್ಲಿ. ಬಂದದ್ದು ಯರಗಟ್ಟಿ ಬಸ್ಸೋ ಧಾರವಾಡದ್ದೋ ಎಂದು ಮಲಗಿದಲ್ಲಿಂದಲೇ ಹೇಳುತ್ತಾರೆ.

ನಾನು ಓದುತ್ತಿದ್ದಾಗ ಅವರು ಇಪ್ಪತ್ತಾರು ವರ್ಷಗಳಿಂದ ನಮ್ಮ ಕಾಲೇಜು ಗ್ರಂಥಾಲಯದ ಅಟೆಂಡರ್ ಆಗಿದ್ದರು. ಗ್ರಂಥಪಾಲಕರು ನಿವೃತ್ತರಾದ ಮೇಲೆ ಆ ಕುರ್ಚಿಗೆ ಯಾರೂ ಬರಲಿಲ್ಲ. ೨೦೦೫ರಲ್ಲಿ ಒಂದು ಕಂಪ್ಯೂಟರ್ ಬಂತು. ಎರಡು ತಿಂಗಳು ಅದು ಹೊದಿಕೆ ಹೊದ್ದೇ ಕೂತಿತ್ತು. ಸೋಮವಾರದೊಳಗೆ ಪುಸ್ತಕಗಳ ಪಟ್ಟಿ ಅದರಲ್ಲಿ ಕಾಣದಿದ್ದರೆ ಕಂಪ್ಯೂಟರನ್ನು ಆಫೀಸಿಗೆ ಒಯ್ಯುತ್ತೇವೆ ಎಂದರು ಪ್ರಿನ್ಸಿಪಾಲರು. ಆಫೀಸಿನ ಗುಮಾಸ್ತ ಮಧು ಅದನ್ನಿಡಲು ಆಗಲೇ ಮೇಜು ಖಾಲಿ ಮಾಡಿದ್ದ.

ಯಾವ ಪುಸ್ತಕ ಎಲ್ಲಿದೆ ಎಂಬುದು ಕಾಕಾನ ತಲೆಯಲ್ಲಿ ಮಾತ್ರ ಇತ್ತು. ಅವರ ನಿವೃತ್ತಿಗೆ ಉಳಿದದ್ದು ಎರಡೇ ವರ್ಷ. “ನಾ ಹೋದ ಮ್ಯಾಲ ನೀವು ಹುಡುಗ್ಯಾರು ಯಾರನ್ನ ಕೇಳ್ತೀರಿ, ಶೈಲಾ?” ಎಂದರು.

ಧಾರವಾಡದಲ್ಲಿ ಓದುವ ನನ್ನಣ್ಣ ಸುಭಾಸ ಒಂದು ಸಿಡಿ ಕೊಟ್ಟಿದ್ದ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ತಿದ್ದಬಹುದಾದ ಗ್ರಂಥಾಲಯದ ಪ್ರೋಗ್ರಾಂ.

“ಪುಕ್ಕಟ ಅಂತೀ. ಮಾಡಿದಾವಗ ಹೊಟ್ಟಿ ಇಲ್ಲೇನು?” ಎಂದರು ಕಾಕಾ.

ಸೂಚನೆಯ ಹಾಳೆಯ ಇಂಗ್ಲಿಷನ್ನು ನಾನು ಓದಿ ಹೇಳುತ್ತಿದ್ದೆ. ಕಾಕಾ ಒಂದೇ ಬೆರಳಿನಿಂದ, ಗಾಯ ಮುಟ್ಟುವವರ ಹಾಗೆ, ಒತ್ತುತ್ತಿದ್ದರು. ಮೊದಲು, ಕೇಳಿದ್ದಕ್ಕೆ ಉತ್ತರ ಕೊಡುವ ಸರ್ವರ್ ಹಾಕಬೇಕು.

“ಸರ್ವರ್ ಅಂದ್ರ ಬ್ಯಾರೆ ದೊಡ್ಡ ಮಶಿನ್ ಅಂದಿದ್ದಿ?”

“ಇದರೊಳಗ ಒಂದ ಮಾಡ್ಕೋಬೇಕಂತ ಕಾಕಾ.”

“ಅಂದ್ರ ಕೇಳಾವೂ ಇದ, ಹೇಳಾವೂ ಇದ?”

ನಾನು ಮುಂದಿನ ಸಾಲು ಓದಿದೆ.

ಶನಿವಾರ ಮಧ್ಯಾಹ್ನ ಕೆಲಸ ನಿಂತಿತು. ಸರ್ವರ್ ಏಳುತ್ತಿಲ್ಲ. ಅದು ಕೂರಬೇಕಾದ ಜಾಗದಲ್ಲಿ, ಎಂಬತ್ತನೆಯ ಪೋರ್ಟಿನಲ್ಲಿ, ಈಗಾಗಲೇ ಬೇರೆ ಪ್ರೋಗ್ರಾಂ ಇದೆ ಎಂದು ಪರದೆ ಹೇಳುತ್ತಿತ್ತು. ಇಬ್ಬರೂ ಎಸ್‌ಟಿಡಿ ಅಂಗಡಿಗೆ ಹೋಗಿ ಸುಭಾಸನಿಗೆ ಫೋನ್ ಮಾಡಿದೆವು. ಅಲ್ಲಿರುವುದನ್ನು ಬಂದ್ ಮಾಡಿ ಎಂದ ಅವನು.

ಕಾಕಾ ರಿಸೀವರ್ ಕಸಿದುಕೊಂಡರು. “ಅಲ್ಲೋ ತಮ್ಮಾ, ಬಸ್ಸಿನ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡದಾನ ಅಂದ ಮ್ಯಾಲ ಆ ಸೀಟ್ ಅಂವಂದ. ಯಾರಂಬೂದು ಗೊತ್ತಿಲ್ಲದ ಹೆಂಗ ಎಬ್ಬಸೂದು? ಹಿಂದ ಯಾವುದರೆ ಖಾಲಿ ಐತೇನು ನೋಡು.”

ಸುಭಾಸ ಬಹಳ ಹೊತ್ತು ನಕ್ಕ. ಆಮೇಲೆ, ಖಾಲಿ ಇರುತ್ತದೆ, ಎಂಟು ಸಾವಿರದ ಎಂಬತ್ತು ಎಂದ.

ಒಂದು ಕಡತದಲ್ಲಿ ಆ ಸಂಖ್ಯೆ ಬದಲಿಸಿದೆವು. ಪುಟ ತೆರೆಯಲು ಒತ್ತುವ ವಿಳಾಸದ ಕೊನೆಗೂ ಅದನ್ನೇ ಸೇರಿಸಿದೆವು. ಬಿಳಿ ಪರದೆಯ ಮೇಲೆ ಖಾಲಿ ಪಟ್ಟಿಯೊಂದು ನಿಧಾನವಾಗಿ ಮೂಡಿತು. ಭಾನುವಾರವೂ ಬೀಗ ತೆಗೆದು ಕೂತು, ಪ್ರಿನ್ಸಿಪಾಲರು ಯಾವಾಗಲೂ ಕೇಳುವುದು ಅಲ್ಲಿನದನ್ನೇ ಎಂದು ಕಾಕಾ ಹೇಳಿದ ಏಳನೆಯ ಕಪಾಟಿನ ಪುಸ್ತಕಗಳನ್ನೆಲ್ಲ ತುಂಬಿದೆವು.

ಸೋಮವಾರ ಪ್ರಿನ್ಸಿಪಾಲರು ಬಂದರು. ಹಿಂದೆ ಮಧು. ಸಾಹೇಬರು ತಾವೇ ವಿಳಾಸ ಒತ್ತಿದರು, ಕೊನೆಯ ಸಂಖ್ಯೆ ಬಿಟ್ಟು. ಯಾವುದೋ ಗುರುತಿಲ್ಲದ ಪುಟ ತೆರೆಯಿತು.

“ಎತ್ತಲೇನ್ರಿ ಸರ್?” ಎಂದ ಮಧು.

“ಮುಟ್ಟಬ್ಯಾಡಪಾ. ಸಾಹೇಬ್ರ, ಅದು ಬ್ಯಾರೆಯವರ ಸೀಟ್ ರಿ. ನಮ್ಮದು ಹಿಂದ ಐತಿ.” ಕಾಕಾ ಬಗ್ಗಿ ಸಂಖ್ಯೆ ಸೇರಿಸಿದರು. ಪಟ್ಟಿ ಬಂತು. ಸಾಹೇಬರು ಕಬ್ಬಿನ ಬೇಸಾಯದ ಪುಸ್ತಕ ಹುಡುಕಿದರು. ಏಳನೆಯ ಕಪಾಟು ಎಂದಿತು ಪರದೆ. ಕಾಕಾ ಅಲ್ಲಿಂದಲೇ ಅದನ್ನು ತೆಗೆದುಕೊಟ್ಟರು.

“ಇಲ್ಲೇ ಇರಲಿ,” ಎಂದು ಸಾಹೇಬರು ಹೊರಟರು. ಮಧು ಬರಿಗೈಯಲ್ಲಿ ಹಿಂಬಾಲಿಸಿದ.

ನಾನು ನಕ್ಕೆ. ಕಾಕಾ ಮಾತ್ರ ನಗಲಿಲ್ಲ. ಪರದೆಯ ಮುಂದೆ ಕೂತು ಅದರ ಹಿಂಬದಿಗೆ ಒಮ್ಮೆ ಬಗ್ಗಿ ನೋಡಿದರು. ಕೌಂಟರಿನಿಂದ ಒಬ್ಬಳು ಪುಸ್ತಕಕ್ಕೆ ಕರೆದಳು. ಮಂಡಿ ಹಿಡಿದು ಎದ್ದರು.

“ಅಲ್ಲ ಶೈಲಾ, ಎಂಬತ್ತರಾಗ ಕುಂತಾವ ಯಾರು? ಮೂರು ದಿನಾ ಆತು, ಎದ್ದಿಲ್ಲ. ಬಸ್ಸಿನ್ಯಾಗಾದ್ರ ಯಾವುದರೆ ಊರು ಬಂದ ಕೂಡಲೇ ಇಳೀತಾರ. ಇಂವ ಯಾವ ಊರಿಗೆ ಹೊಂಟಾವ ಅಂತ ನಿಮ್ಮಣ್ಣನ್ನ ಕೇಳು,” ಎನ್ನುತ್ತಲೇ ಕಪಾಟುಗಳ ನಡುವೆ ನಡೆದುಹೋದರು.