ಗೈಡ್ ಮೇಷ್ಟ್ರ ಐದನೆಯ ಅಂಶ

ಗೈಡ್ ಮೇಷ್ಟ್ರನ್ನು ನಾನು ಮೊದಲು ನೋಡಿದ ದಿನ ಅವರು ಶಿಕ್ಷಕರ ಕೊಠಡಿಯಲ್ಲಿ ಕತ್ತರಿ, ಗೋಂದು ಹಿಡಿದು ಕೂತಿದ್ದರು. ಮುಂದೆ ಪರೀಕ್ಷೆಯ ಹಳೆಯ ಗೈಡುಗಳು ಮೂರು. ಒಂದರಿಂದ ಪ್ರಶ್ನೆ, ಇನ್ನೊಂದರಿಂದ ಉತ್ತರ ಕತ್ತರಿಸಿ ಬಿಳಿ ಹಾಳೆಗೆ ಅಂಟಿಸುತ್ತಿದ್ದರು. ಹೊಸದಾಗಿ ಸೇರಿದ್ದ ನಾನು ಏನು ಮಾಡುತ್ತಿದ್ದೀರಿ ಎಂದು ಕೇಳಿದೆ.

“ಪುಸ್ತಕ ಬರೀತಿದೀನಿ ಟೀಚರ್” ಎಂದರು.

ತಮಾಷೆಯೆಂದುಕೊಂಡೆ. ತಮಾಷೆ ಮಾಡುವಷ್ಟು ಬುದ್ಧಿ ಅವರಿಗಿಲ್ಲವೆಂದು ತಿಳಿಯಲು ಒಂದು ವಾರ ಹಿಡಿಯಿತು. ಕೆಟ್ಟವರಲ್ಲ. ಯಾರಾದರೂ ರಜೆ ಹಾಕಿದರೆ ಅವರ ತರಗತಿಯನ್ನೂ ತಾವೇ ತೆಗೆದುಕೊಳ್ಳುತ್ತಿದ್ದರು. ಅಲ್ಲಿಯೂ ತಮ್ಮ ಗೈಡನ್ನೇ ಓದಿಸುತ್ತಿದ್ದರು, ಅಷ್ಟೆ.

ಆ ವರ್ಷ ಪಠ್ಯಕ್ಕೆ ಒಂದು ಹಳೆಯ ಕಥೆ ಬಂದಿತು, ಹೆಂಗಸೊಬ್ಬರು ಬರೆದದ್ದು. ಕಥೆಯ ಹೆಂಡತಿ ಒಂದು ಬೆಳಿಗ್ಗೆಯಿಂದ ತನ್ನದೇ ಮನೆಯ ಪ್ರತಿ ಬಾಗಿಲನ್ನೂ ತಟ್ಟತೊಡಗುತ್ತಾಳೆ. ಯಾರಾದರೂ “ಬಾ” ಎನ್ನುವ ತನಕ ಅಡುಗೆಮನೆಯ ಹೊರಗೂ ನಿಂತೇ ಇರುತ್ತಾಳೆ. ಹುಚ್ಚೆಂದು ತೀರ್ಮಾನಿಸಿದ ಗಂಡ ಬಡಗಿಯನ್ನು ಕರೆಸಿ ಬಾಗಿಲುಗಳನ್ನೆಲ್ಲ ಕಳಚಿಸುತ್ತಾನೆ. ಅವಳು ಹೊಸ್ತಿಲಾಚೆ ನಿಂತು ಗಾಳಿಯನ್ನೇ ತಟ್ಟುತ್ತಾಳೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ನಮ್ಮ ಕೊಠಡಿಯ ಪಂಡಿತರು ಕಥೆಯನ್ನು ಒಂದು ಚಹಾದಲ್ಲಿ ಮುಗಿಸಿದರು.

“ಮೈತುಂಬ ಕೆಲಸ ಇದ್ದಿದ್ರೆ ಈ ರೋಗ ಬರ್ತಿರಲಿಲ್ಲ” ಎಂದರು ಹೆಡ್‌ಮಾಸ್ಟರು, ಆ ಬೆಳಿಗ್ಗೆ ಕುರ್ಚಿಯಿಂದ ಒಮ್ಮೆಯೂ ಏಳದವರು.

“ನಾಲ್ಕು ದಿನ ತವರಿಗೆ ಕಳಿಸಿದ್ರೆ ಸರಿಹೋಗ್ತಿದ್ಲು” ಎಂದರು ಗಣಿತದವರು.

“ನಿಮ್ಮನೆಯವರು ತವರಿಗೆ ಹೋಗಿ ಎಷ್ಟು ದಿನ ಆಯ್ತು ಸಾರ್?” ಎಂದೆ.

“ನಾಲ್ಕು ತಿಂಗಳು.”

“ಯಾರು ಸರಿಹೋದ್ರು?”

ಗೈಡ್ ಮೇಷ್ಟ್ರ ಅಭಿಪ್ರಾಯ ಅವರ ಹೊಸ ಗೈಡಿನಲ್ಲಿ ಅಚ್ಚಾಗಿಯೇ ಬಂದಿತು. ನಾಯಕಿಯ ಹುಚ್ಚಿಗೆ ಕಾರಣಗಳೇನು ಎಂಬ ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ಅಂಶಗಳು: ಬಿಡುವು, ಅತಿಯಾದ ಓದು, ಮೊಂಡುತನ, ಗಂಡನ ಸಲಿಗೆ. ಸುತ್ತಲಿನ ಶಾಲೆಗಳ ಮಕ್ಕಳೆಲ್ಲ ಅದನ್ನೇ ಉರುಹೊಡೆದರು.

ಬೇಸಿಗೆಯಲ್ಲಿ ಮೌಲ್ಯಮಾಪನಕ್ಕೆ ನಾವಿಬ್ಬರೂ ಒಂದೇ ಮೇಜಿನ ಮುಂದೆ ಕೂತಿದ್ದೆವು. ಒಂದು ಉತ್ತರಪತ್ರಿಕೆಯ ಅಂಕ ಕೂಡಿಸಿ ಅವರು ಲೊಚಗುಟ್ಟಿದರು. “ಪಾಪ, ಅಕ್ಷರ ನೋಡಿದ್ರೆ ಯಾವುದೋ ಹುಡುಗಿ. ಎರಡೇ ಅಂಕದಲ್ಲಿ ಫೇಲು.”

ಬಗ್ಗಿ ನೋಡಿದೆ. ಆ ಪ್ರಶ್ನೆಗೆ ಅವಳು ಬರೆದದ್ದು ಇಷ್ಟೆ: ‘ಅವಳಿಗೆ ಹುಚ್ಚು ಹಿಡಿದಿಲ್ಲ. ಆ ಮನೆಯಲ್ಲಿ ಎಲ್ಲವನ್ನೂ ಕೇಳಿಯೇ ಮಾಡಬೇಕಿತ್ತು. ಅವಳು ಕೇಳುವುದನ್ನು ಚೆನ್ನಾಗಿ ಕಲಿತಳು.’ ಅದರ ಪಕ್ಕದಲ್ಲಿ ದುಂಡನೆಯ ಸೊನ್ನೆ.

“ಇದಕ್ಕೆ ಎರಡು ಕೊಡಿ ಸಾರ್. ಹುಡುಗಿ ಮುಂದೆ ಓದ್ಕೊಳ್ಳಲಿ. ಒಂದು ಸಲ ಫೇಲಾದ ಹುಡುಗೀನ ಮತ್ತೆ ಶಾಲೆಗೆ ಯಾರು ಕಳಿಸ್ತಾರೆ?”

“ಎಲ್ಲಿಂದ ಕೊಡ್ಲಿ ಟೀಚರ್? ಒಂದು ಅಂಶನೂ ಬಂದಿಲ್ವಲ್ಲ.”

“ನಿಮ್ಮ ಗೈಡಿನ ಅಂಶ ಬಂದಿಲ್ಲ.”

“ಮತ್ತೆ ಬೇರೆ ಅಂಶ ಎಲ್ಲಿರತ್ತೆ?”

ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ನಾನು ಮುಖ್ಯ ಪರೀಕ್ಷಕರನ್ನು ಕರೆದೆ. ನಿವೃತ್ತಿಗೆ ಹತ್ತಿರವಾದ ಆ ಹೆಂಗಸು ಕನ್ನಡಕ ಏರಿಸಿ ಹುಡುಗಿಯ ಉತ್ತರ ಓದಿದರು. ಆಮೇಲೆ ಮೇಷ್ಟ್ರು ಎದುರಿಗಿಟ್ಟುಕೊಂಡಿದ್ದ ಗೈಡಿನ ಉತ್ತರ ಓದಿದರು.

“ಅತಿಯಾದ ಓದು ಅಂದಿದೀರಿ. ಕಥೇಲಿ ಎಲ್ಲಿದೆ ಮೇಷ್ಟ್ರೇ?”

“ಇದೆ ಮೇಡಂ.”

“ತೋರಿಸಿ.”

ಮೇಷ್ಟ್ರು ಪಠ್ಯಪುಸ್ತಕ ತಿರುವಿದರು. ಮರಗಳ ಮೇಲಿನ ಒಂದು ಪದ್ಯಕ್ಕೆ ಬಂದು ನಿಂತರು. ನನ್ನ ಕಡೆಗೆ ವಾಲಿ ಮೆಲ್ಲಗೆ, “ಆ ಪಾಠ ಎಷ್ಟನೇದು?” ಎಂದರು.

“ಏಳನೇದು. ಎರಡನೇ ಪುಟ ನೋಡಿ ಸಾರ್. ಆ ಹೆಂಗಸಿಗೆ ಅಕ್ಷರವೇ ಬರಲ್ಲ.”

ಆ ಅಂಶವನ್ನು ಅವರು ಬೇರಾವುದೋ ಪಾಠದ ಗೈಡಿನಿಂದ ಕತ್ತರಿಸಿಕೊಂಡಿದ್ದರು. ಕಥೆಯನ್ನು ಓದಿರಲೇ ಇಲ್ಲ. ಕೊಠಡಿಯಲ್ಲಿದ್ದ ಮೂವತ್ತು ಮಂದಿಯೂ ಬೆಳಗಿನಿಂದ ಆ ಅಂಶಕ್ಕೆ ಒಂದೊಂದು ಅಂಕ ಕೊಡುತ್ತ ಕೂತಿದ್ದೆವು. ಎರಡನೆಯ ಪುಟ ಬಲ್ಲ ನಾನೂ ಕೊಟ್ಟಿದ್ದೆ. ಉಳಿದವರನ್ನು ಹಳಿಯುವಾಗ ಇದನ್ನು ಮುಚ್ಚಿಡಬಾರದು.

ಮುಖ್ಯ ಪರೀಕ್ಷಕರು ಸೊನ್ನೆಯನ್ನು ಹೊಡೆದುಹಾಕಿ ನಾಲ್ಕು ಬರೆದು ಸಹಿ ಹಾಕಿದರು. ಹುಡುಗಿ ಪಾಸಾದಳು. ಅವಳು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಮೇಷ್ಟ್ರಿಗೆ ಅವಮಾನವಾಗಿರಬೇಕೆಂದು ನಾನು ಎರಡು ದಿನ ಮರುಗಿದ್ದು ದಂಡ. ಮರುವರ್ಷದ ಗೈಡಿನಲ್ಲಿ ಹುಡುಗಿಯ ಮಾತುಗಳೇ ಐದನೆಯ ಅಂಶವಾಗಿ, ನಕ್ಷತ್ರದ ಗುರುತಿನೊಂದಿಗೆ ಬಂದವು. ಅತಿಯಾದ ಓದು ಎರಡನೆಯ ಸ್ಥಾನದಲ್ಲಿ ಭದ್ರವಾಗಿತ್ತು.

“ಅದನ್ನ ತೆಗೀಲಿಲ್ವೆ ಸಾರ್?”

“ಇರ್ಲಿ ಟೀಚರ್. ಒಂದು ಜಾಸ್ತಿ ಇದ್ರೆ ಮಕ್ಕಳಿಗೆ ಒಳ್ಳೇದು.”

ಈಗ ಮೇಷ್ಟ್ರು ನಿವೃತ್ತರು. ನಮ್ಮ ಮನೆಯಿಂದ ಎರಡು ಬೀದಿ ಆಚೆಗಿದ್ದಾರೆ. ಮುಂದಿನ ಕೋಣೆಯ ಮೇಜಿನ ಮೇಲೆ ಅದೇ ಕತ್ತರಿ, ಅದೇ ಗೋಂದು. ಹೊಸ ಮುದ್ರಣದ ಕೆಲಸ. ಕಳೆದ ವಾರ ಹೋಗಿದ್ದಾಗ ಅವರ ಹೆಂಡತಿ ಎರಡು ಲೋಟ ಹಿಡಿದು ಹೊಸ್ತಿಲಾಚೆ ನಿಂತು, “ಒಳಗೆ ಬರ್ಲಾ?” ಎಂದರು.

“ತಾಳು, ಗೋಂದು ಹಸಿ ಇದೆ” ಎಂದರು ಮೇಷ್ಟ್ರು, ತಲೆ ಎತ್ತದೆ. ಐದನೆಯ ಅಂಶವನ್ನು ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು.