ಎರಡನೇ ಕೂಗು

ಮೊದಲು ನನ್ನ ಬಲಗಿವಿಗೆ ನೀರು ಬಂತು.

ಗಾಡಿ ನಾಲೆಗೆ ಬಿದ್ದು ಮೂರು ದಿನವಾಗಿತ್ತು. ಬೆಳಗ್ಗೆ ಮುಖ ತೊಳೆಯುವಾಗ ಕಿವಿಯೊಳಗೆ ಗುಳುಗುಳು ಎಂದಿತು. ತಲೆ ಓರೆ ಮಾಡಿ ಒಂಟಿಕಾಲಲ್ಲಿ ಕುಣಿದೆ. ಸೆರಗಿನ ತುದಿ ಹುರಿ ಮಾಡಿ ತಿರುವಿದೆ. ಒಂದು ಹನಿಯೂ ಬರಲಿಲ್ಲ. ನಾಲೆ ನೀರು ಉಳಿದಿರಬೇಕು, ತಾನಾಗಿ ಇಳಿಯುತ್ತದೆ ಎಂದು ಸುಮ್ಮನಾದೆ. ಇಳಿಯಲಿಲ್ಲ.

ನನ್ನ ಹೆಸರು ಗೌರಿ. ಲೊಕ್ಕನಹಳ್ಳಿ ಕಡೆಯ ನಮ್ಮೂರಿನ ಹೆಂಗಸರನ್ನು ಗುಂಪು ಕಟ್ಟಿ ನಾಟಿ ಕೆಲಸಕ್ಕೆ ಕರೆದೊಯ್ಯುವವಳು. ನಮ್ಮದು ಮಳೆ ನಂಬಿದ ಹೊಲ. ಗದ್ದೆ ಕೆಲಸ ಬೇಕೆಂದರೆ ಕೆಳಗಿಳಿದು ಮಾಂಬಳ್ಳಿ ಕಡೆಗೆ ಹೋಗಬೇಕು. ಬೆಳಕು ಹರಿಯುವ ಮುಂಚೆ ಗೂಡ್ಸ್ ಗಾಡಿ ಬರುತ್ತದೆ. ನಾನು ನೋಟ್‌ಬುಕ್ ಹಿಡಿದು ಹೆಸರು ಕೂಗುತ್ತೇನೆ, ಹೆಸರಿನವಳು ಓ ಎಂದು ಹತ್ತುತ್ತಾಳೆ. ಪ್ರತಿ ಹೆಸರನ್ನೂ ಎರಡು ಸಲ ಕೂಗಬೇಕು. ಅದು ನಮ್ಮ ಕಾಡಂಚಿನ ಕಟ್ಟಳೆ. ಕತ್ತಲಲ್ಲಿ ಒಂದೇ ಸಲ ಕರೆದು ಸುಮ್ಮನಾಗುವುದು ಗಾಳಿ, ಮನುಷ್ಯರಲ್ಲ. ಅದಕ್ಕೆ ಓ ಎಂದವರು ಅದರ ಹಿಂದೆಯೇ ಹೋಗಬೇಕಾಗುತ್ತದಂತೆ. ಮನುಷ್ಯರಾದರೆ ಇನ್ನೊಂದು ಸಲ ಕರೆಯುತ್ತಾರೆ.

ಉಳಿದವರು ಅವಸರವಿದ್ದರೆ ಮೊದಲ ಕೂಗಿಗೇ ಹತ್ತಿಬಿಡುತ್ತಿದ್ದರು. ನನ್ನ ವಾರಗಿತ್ತಿ ಸಾಕಿ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ನನ್ನೆದುರಿಗೇ ನಿಂತು, ನನ್ನ ಮುಖವನ್ನೇ ನೋಡುತ್ತಾ ಎರಡನೇ ಕೂಗಿಗೆ ಕಾಯುವಳು.

"ನಾನು ಕಾಣಾಕಿಲ್ವೇನಮ್ಮಿ ನಿಂಗೆ? ಗಾಳಿ ಸೀರೆ ಉಟ್ಕಂಡು ಬಂದದಾ?" ಎಂದು ಬೈಯುತ್ತಿದ್ದೆ.

"ಯಾರಿಗ್ ಗೊತ್ತು ಕಣಕ್ಕ. ಇನ್ನೊಂದ್ಸಲ ಕೂಗಿದ್ರೆ ನಿನ್ ಬಾಯೇನು ಸವ್ದೋದದಾ?" ಎನ್ನುತ್ತಿದ್ದಳು.

ಅವತ್ತು ನಾಲೆ ಏರಿಯ ಮಣ್ಣು ನೆನೆದಿತ್ತು. ಗಾಡಿ ಬಲಕ್ಕೆ ವಾಲಿತು. ನಿಧಾನವಾಗಿ, ಎಮ್ಮೆ ನೀರಲ್ಲಿ ಮಲಗುವ ಹಾಗೆ. ಇಪ್ಪತ್ತೊಂದು ಜನ ಇದ್ದೆವು. ಕೈಗೆ ಸಿಕ್ಕಿದ್ದನ್ನು ಹಿಡಿದು, ಕಾಲಿಗೆ ಸಿಕ್ಕವರನ್ನು ತುಳಿದು ಏರಿ ಹತ್ತಿದೆವು. ಮಬ್ಬಿನಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ. ನಡುಗುತ್ತಾ ಹೆಸರು ಕೂಗಿದೆ. ನೋಟ್‌ಬುಕ್ ಬೇಕಿರಲಿಲ್ಲ, ಎಲ್ಲ ಬಾಯಿಪಾಠ. ಒಂದೊಂದು ಹೆಸರಿಗೂ ಓ ಬಂತು. ಸಾಕಿಯ ಹೆಸರಿಗೆ ಬರಲಿಲ್ಲ. ನಾನು ಮುಂದಿನ ಹೆಸರಿಗೆ ಹೋದೆ.

ಒಂದೇ ಸಲ ಕೂಗಿದ್ದೆ.

ಗದ್ದೆಯ ಆಳುಗಳು ಓಡಿ ಬಂದು ಅವಳನ್ನು ಗಾಡಿಯ ಕೆಳಗಿನಿಂದ ತೆಗೆಯುವಷ್ಟರಲ್ಲಿ ಹೊತ್ತು ಹುಟ್ಟಿತ್ತು. ಒಂದೇ ಜೀವ ಹೋಗಿದ್ದು, ದೇವರು ದೊಡ್ಡವನು ಎಂದು ಜನ ಅಂದರು. ಸಾಕಿಯ ಗಂಡನ ಎದುರಿಗೂ ಅಂದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಅವಳು ನೀರಲ್ಲಿ ಎಲ್ಲೋ ತಲೆಯೆತ್ತಿಕೊಂಡು, ಹಠಮಾರಿ ಮುಂಡೇದು, ನನ್ನ ಎರಡನೇ ಕೂಗಿಗೆ ಕಾಯುತ್ತಿದ್ದಳೇನೋ ಎಂಬ ಮಾತು ಎದೆಯಲ್ಲಿ ಕೂತುಬಿಟ್ಟಿತು. ಊಟಕ್ಕೆ ಕೂತರೆ ಅದೇ, ಸೊಪ್ಪು ಬಿಡಿಸುತ್ತಿದ್ದರೆ ಅದೇ.

ವಾರ ಕಳೆಯುವಷ್ಟರಲ್ಲಿ ಬೇರೆಯವರೂ ಬರತೊಡಗಿದರು. "ಗೌರಕ್ಕ, ನನ್ ಕಿವೀಲಿ ನೀರು ಕೂತದೆ." ಒಬ್ಬಳಾದ ಮೇಲೆ ಒಬ್ಬಳು. ತಿಂಗಳಾಗುವ ಮೊದಲೇ ಇಪ್ಪತ್ತು ಜನಕ್ಕೂ ಬಂತು. ಕೊಳದ ಹತ್ತಿರ ಹೋದರೆ ನಮ್ಮ ಗುಂಪಿನವರು ಯಾರೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಎಲ್ಲರ ತಲೆಯೂ ಒಂದೇ ಕಡೆಗೆ ವಾಲಿರುತ್ತಿತ್ತು.

ಬಲಕ್ಕೆ. ಗಾಡಿ ವಾಲಿದ ಕಡೆಗೆ.

ಊರಲ್ಲಿ ಮಾತು ಹುಟ್ಟಿತು. ಸಾಕಿ ಇವರನ್ನು ಬಿಟ್ಟಿಲ್ಲ ಎಂದರು. ನಾವು ಬಂದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ತಾಯಿತ ಕಟ್ಟಿಸಿದ್ದಾಯಿತು. ಕೊನೆಗೆ ಕೊಳ್ಳೇಗಾಲದ ಆಸ್ಪತ್ರೆಗೆ ಐದೈದು ಜನರಂತೆ ಹೋದೆವು. ಡಾಕ್ಟರು ಲೈಟ್ ಬಿಟ್ಟು ನೋಡಿದರು, ಎಷ್ಟು ಕೇಳುತ್ತದೆಂದು ಆಡಿಯೋಗ್ರಾಮ್ ಮಾಡಿಸಿದರು.

"ಎಲ್ಲ ನಾರ್ಮಲ್ ಇದೆ. ಕಿವಿ ಪೂರ್ತಿ ಡ್ರೈ ಇದೆಯಮ್ಮ."

"ಮತ್ತೆ ಕೇಳ್ತದಲ್ಲ ಸಾ."

ಅವರು ಪೆನ್ನು ಕೆಳಗಿಟ್ಟರು. "ಕೇಳೋದು ಸುಳ್ಳಲ್ಲ. ನಿಮ್ಮೆಲ್ಲರಿಗೂ ಆಗಿರೋದು ಶಾಕ್. ಅದಕ್ಕೆ ಬೇರೆಯವರು ಇದ್ದಾರೆ, ಊರಿಗೇ ಕಳಿಸ್ತೀವಿ."

ಆ ದಿನಗಳಲ್ಲೇ ನನ್ನ ಗಂಡ ಒಂದು ಬೆಳಗ್ಗೆ ಕೇಳಿದ, "ಈಗ್ ಯಾರ್ಗೆ ಓ ಅಂದೆ?"

"ನಾನ್ಯಾಕೆ ಅಂತೀನಿ? ನಿಂಗೆ ಕನ್ಸು."

"ಇಲ್ಲ ಕಣೆ. ಯಾರೂ ಕೂಗ್ನಿಲ್ಲ. ನೀನು ಓ ಅಂದೆ. ನೆನ್ನೇನೂ ಅಂದೆ, ಇದೇ ಒತ್ಗೆ."

ಅದು ಗಾಡಿ ಬರುವ ಹೊತ್ತು. ಅವನನ್ನು ಬೈದು ಬಾಯಿ ಮುಚ್ಚಿಸಿದೆ.

ಮಾನಸಿಕ ಆರೋಗ್ಯದ ತಂಡ ಸಮುದಾಯ ಭವನಕ್ಕೆ ವಾರಕ್ಕೊಮ್ಮೆ ಬರತೊಡಗಿತು. ಡಾಕ್ಟರು ಒಬ್ಬರು, ಕೌನ್ಸೆಲರ್ ಮೇಡಂ ಒಬ್ಬರು, ಚಿಕ್ಕ ವಯಸ್ಸು. ನನಗೂ ಇನ್ನು ಕೆಲವರಿಗೂ ಮಾತ್ರೆ ಕೊಟ್ಟರು. ಎಲ್ಲರನ್ನೂ ಸುತ್ತ ಕೂರಿಸಿ, ಮೂಗಿನಿಂದ ಎಳೆದು ಬಾಯಿಂದ ಬಿಡಿ ಎಂದು ಹೇಳಿಕೊಟ್ಟರು. ನಮ್ಮ ಗುಂಪಿನ ಹಿರಿಯಳು ಚಿಕ್ಕತಾಯಮ್ಮ ನನ್ನ ಕಿವಿಯಲ್ಲಿ, "ಉಸ್ರಾಡದ ಯೋಳ್ಕೊಡಕ್ಕೆ ಜೀಪ್ ಮಾಡ್ಕಂಡ್ ಬಂದವ್ರೆ ಕಣವ್ವ" ಎಂದಳು. ನಗು ಬಂತು. ಎಷ್ಟು ದಿನಕ್ಕೆ ಬಂದ ನಗು. ಆದರೆ ಸಾಕಿಯ ಮಾತು ಯಾರೂ ಎತ್ತಲಿಲ್ಲ.

ಮೂರನೇ ವಾರ ಮೇಡಂ, ಎಲ್ಲರ ಹೆಸರಿರುವ ಪಟ್ಟಿ ಇದೆಯಾ ಎಂದು ಕೇಳಿದರು. ನೋಟ್‌ಬುಕ್ ಕೊಟ್ಟೆ. ಅದರಲ್ಲಿ ನಾನು ಯಾವ ಹೆಸರನ್ನೂ ಹೊಡೆದುಹಾಕಿರಲಿಲ್ಲ. ಕೈ ಬಂದಿರಲಿಲ್ಲ. ಅದನ್ನು ಅವರಿಗೆ ಹೇಳುವುದು ಮರೆತೆನೋ, ಬೇಕೆಂದೇ ಹೇಳಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಅವರು ಒಂದೊಂದಾಗಿ ಓದಿದರು. ಹಾಜರಿ ಅಲ್ಲವೇ, ಒಂದೊಂದು ಸಲ.

"ಸಾಕಮ್ಮ."

"ಓ."

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಸಾಕಿಯ ದನಿ. ಸ್ವಲ್ಪ ಎಳೆದು, ಕೊನೆಯಲ್ಲಿ ಮೇಲೆ ಹೋಗುವ ಅವಳದೇ ಓ. ಬಾಗಿಲ ಹತ್ತಿರ ಕೂತವಳು ಎದ್ದು ಹೊರಗೆ ಓಡಿದಳು. ಯಾರೆಂದು ನೋಡಲು ನಾನೂ ಕತ್ತು ತಿರುಗಿಸಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಮೇಡಂ ಮುಖ ಬಿಳಿಚಿಕೊಂಡಿತು. ಆದರೂ ಓಡಲಿಲ್ಲ, ಆ ಹುಡುಗಿಯ ಗುಂಡಿಗೆ ಮೆಚ್ಚಬೇಕು. ಕುರ್ಚಿ ಬಿಟ್ಟು ನನ್ನೆದುರು ನೆಲದ ಮೇಲೆ ಕೂತು, "ಅವರು ನಿಮಗೆ ಯಾರಾಗಬೇಕು?" ಎಂದು ಕೇಳಿದರು.

ಹೇಳಿದೆ. ವಾರಗಿತ್ತಿ ಎಂದೆ. ಒಂದೇ ಸಲ ಕೂಗಿದೆ ಎಂದೆ. "ಇನ್ನೊಂದ್ಸಲ ಕೂಗಿದ್ರೆ ಓ ಅಂತಿದ್ಲು. ನಾನೇ ಸಾಯ್ಸ್ದೆ ಅವಳ್ನ" ಎಂದು ಅತ್ತೆ.

ಚಿಕ್ಕತಾಯಮ್ಮ ನನ್ನ ಕೈ ಹಿಡಿದಳು. "ಸುಮ್ನಿರು ಗೌರಿ. ನೀನು ಕೂಗಕ್ ಮುಂಚೇನೆ ಜೀವ ಓಗಿತ್ತು. ಅವಳ ಸೆರಗು ನನ್ ಕೈಲಿತ್ತು. ನಾನೂ ಮುಳುಗ್ತಿವ್ನಿ ಅಂತ ಬುಟ್ಬುಟ್ಟೆ. ನಾನ್ ಬುಟ್ಟಿದ್ದು ಕಣವ್ವ."

"ನಾನು ಒಂದ್ ಎಗಲ್ ಮೇಲೆ ಕಾಲಿಕ್ಕಿ ಏರಿ ಅತ್ದೆ" ಎಂದಳು ಮೂಲೆಯಲ್ಲಿ ಕೂತಿದ್ದವಳು. "ಅದು ಅವಳ್ದೇಯ."

"ಅವಳು ಕೂತಿದ್ ಜಾಗ ನಂದು. ನಂಗೆ ಗಾಳಿ ಬೇಕು ಅಂತ ಅವಳ್ನ ಅಲ್ಲಿ ಕೂರ್ಸ್ದೆ" ಎಂದಳು ಇನ್ನೊಬ್ಬಳು.

ಒಬ್ಬೊಬ್ಬರೇ ಹೇಳಿದರು. ಓಡಿಹೋದವಳೂ ಬಾಗಿಲಲ್ಲಿ ನಿಂತು ತನ್ನದನ್ನು ಹೇಳಿದಳು. ಇಪ್ಪತ್ತು ಜನರೂ ಒಬ್ಬೊಬ್ಬರಾಗಿ, ಯಾರಿಗೂ ತಿಳಿಯದ ಹಾಗೆ, ಒಬ್ಬಳನ್ನೇ ಸಾಯಿಸಿಕೊಂಡು ಕೂತಿದ್ದೆವು. ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ. ಮೇಡಂ ನಡುವೆ ಬಾಯಿ ಹಾಕಲಿಲ್ಲ. ಯಾರ ತಪ್ಪೂ ಇಲ್ಲ ಎಂಬ ಸುಲಭದ ಮಾತನ್ನೂ ಆಡಲಿಲ್ಲ. ಅದಕ್ಕಾಗಿ ಅವರಿಗೆ ನಾನು ಋಣಿ.

ಆಮೇಲೆ ಚಿಕ್ಕತಾಯಮ್ಮ ಹೇಳಿದಳು, "ಉಳಿದದ್ನ ಕೂಗ್ಬುಡು ಗೌರಿ. ಸರ್ಯಾಗ್ ಕೂಗು."

ಎದ್ದು ನಿಂತೆ. ನನ್ನ ಬಾಯಿ ದೊಡ್ಡದು, ಗದ್ದೆಯ ಆ ತುದಿಗೆ ಕೇಳುತ್ತದೆ. ಸಾಕೀ ಎಂದೆ. ಕಾದೆವು. ಇಪ್ಪತ್ತು ಜನ ತಲೆ ವಾಲಿಸಿಕೊಂಡು ಕಾದೆವು.

ಸಾಕೀ ಎಂದೆ.

ಎರಡನೇ ಕೂಗಿಗೂ ಯಾರೂ ಓ ಎನ್ನಲಿಲ್ಲ. ಸಾಕಿ ಸತ್ತಿದ್ದಾಳೆಂದು ನನಗೆ ಗೊತ್ತಾಗಿದ್ದು ಆಗ.

ಕಿವಿ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಒಬ್ಬೊಬ್ಬರದಾಗಿ ಇಳಿಯಿತು, ಬಂದ ಹಾಗೆಯೇ. ಇಬ್ಬರಿಗೆ ಮೋಡ ಕವಿದರೆ ಈಗಲೂ ಗುಳುಗುಳು ಎನ್ನುತ್ತದೆ. ನನ್ನ ಮಾತ್ರೆಯನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ. ಈ ಸಲದ ನಾಟಿಗೆ ಹೋದೆವು, ಗಾಡಿಗೆ ಹತ್ತುವುದು ಕಡಿಮೆ ಜನ, ಎರಡು ಸರದಿ. ಎಲ್ಲರನ್ನೂ ಎರಡು ಸಲ ಕೂಗುತ್ತೇನೆ. ಎಷ್ಟೇ ಅವಸರವಿದ್ದರೂ ಯಾರೂ ಮೊದಲ ಕೂಗಿಗೆ ಹತ್ತುವುದಿಲ್ಲ.

ಮೊನ್ನೆ ಬೆಳಗ್ಗೆ, ಗಾಡಿ ಬರುವ ಹೊತ್ತಿಗೆ, ಹೊರಗಿನಿಂದ ಯಾರೋ ಅಕ್ಕಾ ಎಂದರು. ಸಾಕಿಯ ದನಿಯೇ. ಪಕ್ಕದಲ್ಲಿ ಗಂಡ ಮಲಗಿದ್ದ, ಅವನಿಗೆ ಕೇಳಿಸಿದಂತೆ ಕಾಣಲಿಲ್ಲ. ಓ ಎನ್ನಲು ತುಟಿಯವರೆಗೆ ಬಂದಿತ್ತು. ಹಲ್ಲು ಕಚ್ಚಿಕೊಂಡು ಕಾದೆ.

ಇನ್ನೊಂದು ಸಲ ಕರೆಯಲಿಲ್ಲ. ಎದ್ದು ಒಲೆ ಹಚ್ಚಿದೆ.