ಖಾರದ ಪುಡಿ ಮತ್ತು ವಿಜಯನಗರ

ನಾನೂ ಒಂದು ಐತಿಹಾಸಿಕ ಕಾದಂಬರಿ ಬರೆದಿದ್ದೇನೆ. ನೀವು ಓದಿರಲಾರಿರಿ, ಸಂಕೋಚ ಬೇಡ, ನನ್ನ ಹೆಂಡತಿಯೂ ಓದಿಲ್ಲ. ಎಂಬತ್ತರ ದಶಕದಲ್ಲಿ ಫೋರ್ಟ್ ಬಡಾವಣೆಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದಾಗ, ಮೂರು ವರ್ಷ ಊಟದ ಬಿಡುವನ್ನೆಲ್ಲ ಹತ್ತಿರದ ಗ್ರಂಥಾಲಯಕ್ಕೆ ಸುರಿದು ಬರೆದದ್ದು. ವಿಜಯನಗರದ ಮೊದಲ ಅರಸರ ಕಾಲದ ಕಥೆ. ಕುದುರೆಯ ಜೀನು, ಹೆಂಗಸರ ಓಲೆ, ಕೋಟೆಬಾಗಿಲಿನ ಅಗುಳಿ, ಎಲ್ಲಕ್ಕೂ ನನ್ನಲ್ಲಿ ಆಧಾರವಿತ್ತು. ನಿಜ ಹೇಳಬೇಕೆಂದರೆ, ಕಥೆಗಿಂತ ಅದರ ಮುಂದೆ ಅಂಟಿಸಿದ ‘ಸಾಂಸ್ಕೃತಿಕ ಹಾಗೂ ಐತಿಹಾಸಿಕ ಹಿನ್ನೆಲೆ’ ಎಂಬ ಹದಿನಾರು ಪುಟಗಳ ಮೇಲೇ ನನಗೆ ಹೆಚ್ಚು ಮೋಹ.

ಮೋಹದ ಹಿಂದೆ ಭಯವಿತ್ತು. ಸಾಂತಾಕ್ರೂಜ್‌ನಲ್ಲಿ ಪುಸ್ತಕ ಬಿಡುಗಡೆ ಮಾಡಲು ಒಪ್ಪಿದ್ದವರು ಧಾರವಾಡದ ಕಡೆಯ ನಿವೃತ್ತ ಇತಿಹಾಸ ಪ್ರೊಫೆಸರರು. ಹಿಂದೊಮ್ಮೆ ಯಾರದೋ ಕಾದಂಬರಿಯಲ್ಲಿ ಕದಂಬರ ರಾಜನೊಬ್ಬ ಆಲೂಗಡ್ಡೆ ಪಲ್ಯ ತಿಂದದ್ದನ್ನು ಹಿಡಿದು, ವೇದಿಕೆಯ ಮೇಲೇ ಲೇಖಕನ ನೀರಿಳಿಸಿದವರು. ನಾನು ಮುಂಜಾಗ್ರತೆಯಾಗಿ ಆಲೂಗಡ್ಡೆಯ ಸುದ್ದಿಗೇ ಹೋಗಿರಲಿಲ್ಲ.

ಕರಡಚ್ಚು ತಿದ್ದಿ ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕಿತ್ತು. ಭಾನುವಾರ ಮಧ್ಯಾಹ್ನ ರಾಮಣ್ಣ ಭಟ್ಟರು ತಮ್ಮ ತಂದೆಯ ಶ್ರಾದ್ಧದ ಊಟಕ್ಕೆ ಕರೆದಿದ್ದರು. ಭಟ್ಟರು ನಮ್ಮ ಬ್ಯಾಂಕಿನ ಎದುರಿನ ಉಡುಪಿ ಹೋಟೆಲಿನ ಅಡುಗೆಯವರು, ಕುರ್ಲಾದ ಚಾಳಿನಲ್ಲಿ ಎರಡು ಕೋಣೆಯ ಸಂಸಾರ. ಕರಡಚ್ಚಿನ ಚೀಲವನ್ನು ಬಗಲಲ್ಲಿಟ್ಟುಕೊಂಡೇ ಎಲೆಯ ಮುಂದೆ ಕೂತೆ. ಸಾರು ಗಂಟಲಲ್ಲಿ ಚುರ್ರೆಂದು ಇಳಿಯಿತು. ಹೊಗಳಬೇಕಲ್ಲ ಎಂದು, “ಭಟ್ರೇ, ಹೋಟೆಲಲ್ಲಿ ಯಾಕೆ ಇದನ್ನ ಮಾಡೋಲ್ಲ?” ಎಂದೆ.

“ಇದು ಶ್ರಾದ್ಧದ ಸಾರು ಮಾರಾಯ್ರೆ. ಬರೀ ಒಳ್ಳೆಮೆಣಸು, ಕಾಳುಮೆಣಸು ಅಂತೀರಲ್ಲ, ಅದು. ಮೆಣಸಿನಕಾಯಿ ಶ್ರಾದ್ಧಕ್ಕೆ ಆಗುದಿಲ್ಲ. ಅದು ಪರಂಗಿಯವರು ಹಡಗಲ್ಲಿ ತಂದದ್ದು, ನಮ್ಮ ಹಿರಿಯರು ಕಂಡದ್ದಲ್ಲ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಏಕೆಂದರೆ ನನ್ನ ಕಾದಂಬರಿಯ ಕೊನೆಯಲ್ಲಿ, ಸುರಂಗದಿಂದ ನುಗ್ಗುವ ಶತ್ರುಗಳ ಕಣ್ಣಿಗೆ ನಾಯಕಿ ಮೊರದ ತುಂಬ ಖಾರದ ಪುಡಿ ಎರಚಿ ಕೋಟೆ ಉಳಿಸುತ್ತಾಳೆ. ಪರಂಗಿಯವರು ಬರಲು ಇನ್ನೂ ನೂರು ವರ್ಷಕ್ಕೂ ಮಿಕ್ಕಿ ಇತ್ತು! ನಮ್ಮ ಮೈಸೂರಿನ ಮನೆಯಲ್ಲೂ ಅಜ್ಜನ ಶ್ರಾದ್ಧಕ್ಕೆ ಇದೇ ಸಾರು. ಹುಡುಗನಾಗಿದ್ದಾಗಿನಿಂದ ವರ್ಷವರ್ಷವೂ ಚಪ್ಪರಿಸಿ ಉಂಡಿದ್ದೇನೆ. ಖಾರ ಯಾಕೆ ಬೇರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ನನ್ನ ಮುಖ ನೋಡಿ ಭಟ್ಟರು ಗಾಬರಿಯಾದರು. ಎಲ್ಲವನ್ನೂ ಹೇಳಿಕೊಂಡೆ. ಮೆಣಸಿನಕಾಯಿ ತೆಗೆದರೆ ಕೋಟೆ ಬೀಳುತ್ತದೆ, ಇಟ್ಟರೆ ನಾನು ಬೀಳುತ್ತೇನೆ. ಅವರು ಸೌಟು ಹಿಡಿದೇ ಸ್ವಲ್ಪ ಯೋಚಿಸಿದರು.

“ಅದಕ್ಕೆಂತ ಇಷ್ಟು ಮಂಡೆಬಿಸಿ? ಒಳ್ಳೆಮೆಣಸನ್ನೇ ಕುಟ್ಟಿ ಎರಚಲಿ. ಸುರಂಗದೊಳಗೆ ಗಾಳಿ ಉಂಟಾ? ಕಳ್ಳರ ಹಾಗೆ ಬಂದವರು ಸೀನದೆ ಎಲ್ಲಿಗೆ ಹೋಗ್ತಾರೆ? ಕಾವಲಿನವರಿಗೆ ಎಚ್ಚರ ಆಗುದಿಲ್ವಾ?”

ಆಹಾ! ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮತ್ತೆರಡು ಸಲ ಸಾರು ಬಡಿಸಿಕೊಂಡು ಉಂಡೆ. ಊಟವಾದ ಮೇಲೆ ಅವರ ಕೋಣೆಯ ಟ್ರಂಕಿನ ಮೇಲೇ ಕರಡಚ್ಚು ಹರಡಿ ಶತ್ರುಸೇನೆಯನ್ನೆಲ್ಲ ಸೀನಿಸಿದೆ. ಮೊದಲಿನದಕ್ಕಿಂತ ಚೆನ್ನಾಗಿಯೇ ಬಂತು.

ಬಿಡುಗಡೆಯ ದಿನ ಪ್ರೊಫೆಸರರು ನನ್ನ ಹದಿನಾರು ಪುಟಗಳ ಹಿನ್ನೆಲೆಯನ್ನು, “ಇದೆಲ್ಲಾ ನಮಗ ಗೊತ್ತಿದ್ದದ್ದs,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಕನ್ನಡಕ ಏರಿಸಿ, “ಆದ್ರ ಆ ಸುರಂಗದ ಪ್ರಸಂಗ ಭಾಳ ಛಲೋ ಅದ. ಆ ಕಾಲದ ಅಡಿಗಿಮನಿ ಬಲ್ಲವರs ಬರಿಯೂ ಮಾತು. ಯಾವ ಗ್ರಂಥ ನೋಡೀರಿ?” ಎಂದು ಕೇಳಿದರು.

ನಾನು ಮೂರನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದ ಭಟ್ಟರತ್ತ ಕೈ ತೋರಿದೆ. ಅವರು ತಪ್ಪು ಮಾಡಿದವರಂತೆ ಎದ್ದುನಿಂತು ಕೈಮುಗಿದರು.

ಪುಸ್ತಕದ ಕೊನೆಗೆ ಹತ್ತೊಂಬತ್ತು ಆಕರಗ್ರಂಥಗಳ ಪಟ್ಟಿಯಿದೆ. ಪ್ರತಿಗಳೇನೂ ಹೆಚ್ಚು ಖರ್ಚಾಗಲಿಲ್ಲವಾದ್ದರಿಂದ ನನಗೊಂದು ಅನುಕೂಲವಾಗಿದೆ. ಯಾರಿಗೆ ಒಂದು ಪ್ರತಿ ಕೊಟ್ಟರೂ, ಕೊಡುವ ಮೊದಲು ಪಟ್ಟಿಯ ಕೆಳಗೆ ಶಾಯಿಯಲ್ಲಿ ಇಪ್ಪತ್ತನೆಯದನ್ನು ಬರೆಯುತ್ತೇನೆ: ರಾಮಣ್ಣ ಭಟ್ಟರ ತಂದೆಯವರ ಶ್ರಾದ್ಧದ ಸಾರು, ಕುರ್ಲಾ.